ನವೀಕರಿಸಿದ ಮನೆಗೆ ಹೀಟಿಂಗ್ ಕಂಟ್ರೋಲ್: ಆ್ಯಪ್‌ಗಿಂತ ಮೊದಲು ಬಾಯ್ಲರ್

ಇಂಗ್ಲೆಂಡಿನಲ್ಲಿ ಹಳೆಯ ಮನೆ ಕೊಂಡು ನವೀಕರಿಸುತ್ತಿರುವ ಸ್ನೇಹಿತರು ಈಚೆಗೆ ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ, ಯಾವ ಸ್ಮಾರ್ಟ್ ಥರ್ಮೋಸ್ಟಾಟ್ ಒಳ್ಳೆಯದು ಎಂಬುದು. ಪ್ರಶ್ನೆ ಸಹಜವಾದದ್ದೇ. ಕಿಟಕಿ ಬದಲಿಸಿ, ನೆಲ ಹಾಸಿ, ಗೋಡೆಗೆ ಬಣ್ಣ ಬಳಿಸಿ ಮುಗಿಯುವ ಹೊತ್ತಿಗೆ ಹಣವೂ ತಾಳ್ಮೆಯೂ ತೀರುತ್ತ ಬಂದಿರುತ್ತವೆ. ಉಳಿದದ್ದನ್ನು ಬೇಗ ಆರಿಸಿಬಿಡೋಣ ಎನ್ನಿಸುತ್ತದೆ. ಅಂಗಡಿಯಲ್ಲಿ ಕಣ್ಸೆಳೆಯುವುದು ಗೋಡೆಯ ಮೇಲೆ ಹೊಳೆಯುವ ಗಾಜಿನ ಫಲಕ ಮತ್ತು ಫೋನಿನಲ್ಲಿ ತೆರೆದುಕೊಳ್ಳುವ ಆ್ಯಪ್. ಆದರೆ ನಮ್ಮ ಮನೆಗಾಗಿ ಈ ವಿಷಯವನ್ನು ಓದಿ, ಹೀಟಿಂಗ್ ಎಂಜಿನಿಯರ್‌ಗಳ ಜೊತೆ ಚರ್ಚಿಸಿ, ಹೊಸ ವ್ಯವಸ್ಥೆಯೊಂದಿಗೆ ಒಂದು ಚಳಿಗಾಲ ಕಳೆದ ಮೇಲೆ ನನಗೊಂದು ದೃಢವಾದ ಅಭಿಪ್ರಾಯ ಮೂಡಿದೆ. ಕಂಟ್ರೋಲ್ ಬಾಯ್ಲರಿಗೆ ಏನನ್ನು ಹೇಳಬಲ್ಲದು ಎಂಬುದನ್ನು ಮೊದಲು ವಿಚಾರಿಸಬೇಕು. ಅದು ಫೋನಿನಲ್ಲಿ ಏನನ್ನು ತೋರಿಸಬಲ್ಲದು ಎಂಬುದನ್ನು ಆಮೇಲೆ ನೋಡಿದರೂ ಸಾಕು.

ಕರ್ನಾಟಕದಲ್ಲಿರುವ ಓದುಗರಿಗಾಗಿ ಇಲ್ಲಿಯ ಏರ್ಪಾಡನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ನಮ್ಮೂರಿನಲ್ಲಿ ಸ್ನಾನದ ಗೀಸರ್ ಹೊರತು ಮನೆಗೆ ಬಿಸಿಯ ಯಂತ್ರ ಬೇಕೆನ್ನಿಸುವುದೇ ಅಪರೂಪ. ಬ್ರಿಟನ್ನಿನ ಬಹುಪಾಲು ಮನೆಗಳಲ್ಲಿ ಗ್ಯಾಸಿನಿಂದ ಉರಿಯುವ ಬಾಯ್ಲರ್ ನೀರನ್ನು ಕಾಯಿಸುತ್ತದೆ. ಆ ನೀರು ಪಂಪಿನ ಬಲದಿಂದ ಕೊಳವೆಗಳ ಮೂಲಕ ಪ್ರತಿ ಕೋಣೆಯ ರೇಡಿಯೇಟರಿಗೆ ಹೋಗಿ, ಅಲ್ಲಿ ಶಾಖ ಬಿಟ್ಟು, ತಣ್ಣಗಾಗಿ ಬಾಯ್ಲರಿಗೆ ಮರಳುತ್ತದೆ. ಬಾಯ್ಲರಿನಿಂದ ಹೊರಡುವ ನೀರಿನ ತಾಪಮಾನವನ್ನು ಫ್ಲೋ ಎಂದೂ ಮರಳುವ ನೀರಿನದನ್ನು ರಿಟರ್ನ್ ಎಂದೂ ಕರೆಯುತ್ತಾರೆ. ನಲ್ಲಿ ತಿರುಗಿಸಿದ ಕೂಡಲೇ ಸ್ನಾನಕ್ಕೂ ನೀರು ಕಾಯಿಸಿಕೊಡುವ ಬಾಯ್ಲರಿಗೆ ಕಾಂಬಿ ಎಂದು ಹೆಸರು. ದೊಡ್ಡ ಮನೆಗಳಲ್ಲಿ ಬಿಸಿನೀರನ್ನು ಸಿಲಿಂಡರಿನಲ್ಲಿ ತುಂಬಿಡುವ ಪದ್ಧತಿಯೂ ಇದೆ. ಥರ್ಮೋಸ್ಟಾಟ್ ಎಂಬುದು ಇಡೀ ಏರ್ಪಾಡಿಗೆ ಆಜ್ಞೆ ಕೊಡುವ ಉಪಕರಣ. ಆ ಆಜ್ಞೆ ಎಷ್ಟು ಸೂಕ್ಷ್ಮವಾದದ್ದು ಎಂಬುದರ ಮೇಲೆ ಮನೆಯ ನೆಮ್ಮದಿಯೂ ಗ್ಯಾಸಿನ ಬಿಲ್ಲೂ ನಿಂತಿವೆ.

ನಮ್ಮದು ರೆಡಿಂಗ್ ನಗರದಲ್ಲಿ 1930ರ ದಶಕದಲ್ಲಿ ಕಟ್ಟಿದ, ಒಂದು ಪಕ್ಕದ ಗೋಡೆಯನ್ನು ನೆರೆಮನೆಯೊಂದಿಗೆ ಹಂಚಿಕೊಂಡಿರುವ ಸೆಮಿ ಡಿಟ್ಯಾಚ್ಡ್ ಮನೆ. ಆ ಕಾಲದ ಅನೇಕ ಮನೆಗಳಂತೆ ಇದರ ಹೊರಗೋಡೆಯೂ ನಡುವೆ ಟೊಳ್ಳು ಬಿಟ್ಟು ಎರಡು ಪದರದಲ್ಲಿ ಕಟ್ಟಿದ್ದು. ನವೀಕರಣದಲ್ಲಿ ಆ ಟೊಳ್ಳಿಗೆ ಶಾಖ ಸೋರದಂತೆ ತಡೆಯುವ ಇನ್ಸುಲೇಷನ್ ತುಂಬಿಸಿದೆವು, ಸೂರಿನಡಿಯ ಲಾಫ್ಟಿನಲ್ಲಿ 270 ಮಿಲಿಮೀಟರ್ ದಪ್ಪದ ಉಣ್ಣೆಯಂಥ ಹಾಸು ಹಾಕಿಸಿದೆವು, ಕಿಟಕಿಗಳನ್ನೆಲ್ಲ ಎರಡು ಪದರ ಗಾಜಿನ ಹೊಸ ಡಬಲ್ ಗ್ಲೇಜಿಂಗಿಗೆ ಬದಲಿಸಿದೆವು, ಹಿಂಬದಿಗೆ ಅಡುಗೆಮನೆಯನ್ನು ವಿಸ್ತರಿಸಿ ಅದರ ನೆಲದಡಿಯಲ್ಲಿ ಬಿಸಿನೀರಿನ ಕೊಳವೆ ಹಾಸಿಸಿದೆವು. ಹಳೆಯ ಬಾಯ್ಲರಿನ ಆಯುಷ್ಯವೂ ಮುಗಿಯುತ್ತ ಬಂದಿದ್ದರಿಂದ ಅದನ್ನೂ ಬದಲಿಸುವುದೆಂದು ತೀರ್ಮಾನವಾಗಿತ್ತು. ಹೀಗೆ ಗೋಡೆ, ಕಿಟಕಿ, ಬಾಯ್ಲರ್, ಕಂಟ್ರೋಲ್ ಎಲ್ಲವನ್ನೂ ಒಟ್ಟಿಗೆ ಯೋಚಿಸುವ ಅವಕಾಶ ಒಂದು ಮನೆಯ ಬಾಳಿನಲ್ಲಿ ಪದೇ ಪದೇ ಬರುವುದಿಲ್ಲವಾದ್ದರಿಂದ, ಕಂಟ್ರೋಲಿನ ಆಯ್ಕೆಯನ್ನು ಕೊನೆಯ ವಾರಕ್ಕೆ ಬಿಡದೆ ಗೋಡೆಗಳ ಪ್ಲಾಸ್ಟರಿಂಗ್ ಆಗುವುದಕ್ಕೂ ಮೊದಲೇ ಕೈಗೆತ್ತಿಕೊಂಡೆವು.

ನವೀಕರಣ ಮನೆಯ ಲೆಕ್ಕವನ್ನೇ ಬದಲಿಸಿಬಿಡುತ್ತದೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ರೇಡಿಯೇಟರಿನ ಶಕ್ತಿಯನ್ನು ತಯಾರಕರು ಅಳೆಯುವುದು, ಅದರೊಳಗಿನ ನೀರಿನ ಸರಾಸರಿ ತಾಪಮಾನ ಕೋಣೆಗಿಂತ 50 ಡಿಗ್ರಿ ಸೆಲ್ಸಿಯಸ್ ಹೆಚ್ಚಿದ್ದಾಗ ಅದು ಎಷ್ಟು ಶಾಖ ಕೊಡುತ್ತದೆ ಎಂಬುದರ ಮೇಲೆ. ಆ ಅಂತರವನ್ನು 30 ಡಿಗ್ರಿಗೆ ಇಳಿಸಿದರೆ, ಅಂದರೆ ನೀರು 55 ಡಿಗ್ರಿಯಲ್ಲಿ ಹೊರಟು 45ರಲ್ಲಿ ಮರಳಿ ಕೋಣೆ 20 ಡಿಗ್ರಿಯಲ್ಲಿದ್ದರೆ, ಅದೇ ರೇಡಿಯೇಟರ್ ಸುಮಾರು ಅರ್ಧದಷ್ಟು ಶಾಖ ಕೊಡುತ್ತದೆ. ಸೋರುವ ಹಳೆಯ ಮನೆಯಲ್ಲಿ 1,500 ವ್ಯಾಟ್ ಬೇಡುತ್ತಿದ್ದ ಕೋಣೆಗೆ ಇನ್ಸುಲೇಷನ್ ಆದ ಮೇಲೆ 750 ವ್ಯಾಟ್ ಸಾಕೆಂದಾದರೆ, ಹಿಂದೆ 75 ಡಿಗ್ರಿಯ ನೀರು ಬೇಡುತ್ತಿದ್ದ ರೇಡಿಯೇಟರಿಗೆ ಈಗ 55 ಡಿಗ್ರಿಯ ನೀರು ಸಾಕು. ಎಷ್ಟೋ ಮನೆಗಳಲ್ಲಿ ನವೀಕರಣಕ್ಕೆ ದೊಡ್ಡ ಮೊತ್ತ ಸುರಿದ ಮೇಲೂ ಬಾಯ್ಲರಿನ ಫ್ಲೋ ಹಿಂದಿನ 75 ಅಥವಾ 80 ಡಿಗ್ರಿಯಲ್ಲೇ ಉಳಿದುಬಿಡುತ್ತದೆ. ಮನೆ ಬದಲಾದದ್ದು ಬಾಯ್ಲರಿಗೆ ಗೊತ್ತಾಗುವುದೇ ಇಲ್ಲ, ಏಕೆಂದರೆ ಅದನ್ನು ತಿಳಿಸಬಲ್ಲ ಕಂಟ್ರೋಲ್ ಅಲ್ಲಿರುವುದಿಲ್ಲ.

ಫ್ಲೋ ಇಳಿಸುವುದರಿಂದ ಲಾಭವೇನು ಎಂಬುದಕ್ಕೆ ಉತ್ತರ ಬಾಯ್ಲರಿನ ಒಳಗಿದೆ. ಇಂಗ್ಲೆಂಡಿನಲ್ಲಿ 2005ರ ಏಪ್ರಿಲ್‌ನಿಂದ ಹೊಸದಾಗಿ ಕೂರಿಸುವ ಗ್ಯಾಸ್ ಬಾಯ್ಲರ್‌ಗಳು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕಂಡೆನ್ಸಿಂಗ್ ಮಾದರಿಯವೇ ಆಗಿರಬೇಕು. ಗ್ಯಾಸ್ ಉರಿದಾಗ ಹೊಗೆಯಲ್ಲಿ ನೀರಾವಿಯೂ ಇರುತ್ತದೆ. ಅನ್ನದ ಪಾತ್ರೆಯ ಮುಚ್ಚಳಕ್ಕೆ ತಾಗಿದ ಆವಿ ಹನಿಯಾಗುವಂತೆ, ಈ ಆವಿಯೂ ತಣ್ಣನೆಯ ಲೋಹಕ್ಕೆ ತಾಗಿದರೆ ನೀರಾಗಿ ತನ್ನಲ್ಲಿ ಅಡಗಿದ್ದ ಶಾಖವನ್ನು ಬಿಟ್ಟುಕೊಡುತ್ತದೆ. ಆ ಲೋಹವನ್ನು ತಣ್ಣಗಿಡುವುದು ರೇಡಿಯೇಟರುಗಳಿಂದ ಮರಳುವ ನೀರು. ರಿಟರ್ನ್ ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಈ ಲಾಭ ದೊರೆಯಲು ಆರಂಭವಾಗುತ್ತದೆ, ಇನ್ನೂ ಕೆಳಗಿಳಿದಷ್ಟೂ ಹೆಚ್ಚುತ್ತದೆ. 75 ಡಿಗ್ರಿಯಲ್ಲಿ ಹೊರಟ ನೀರು ಸಾಮಾನ್ಯವಾಗಿ ಅಷ್ಟು ತಣ್ಣಗಾಗಿ ಮರಳುವುದಿಲ್ಲ. ಹಾಗಾಗಿ ಹೊರಗಿನ ಪೆಟ್ಟಿಗೆಯ ಮೇಲೆ ಯಾವ ದಕ್ಷತೆಯ ಚೀಟಿ ಅಂಟಿಸಿದ್ದರೂ ಆವಿಯ ಶಾಖ ಹೊಗೆಕೊಳವೆಯಿಂದ ಆಕಾಶಕ್ಕೆ ಹೋಗುತ್ತದೆ.

ಈಗ ಕಂಟ್ರೋಲಿಗೆ ಬರೋಣ. ಮಾರುಕಟ್ಟೆಯಲ್ಲಿರುವ ಅನೇಕ ಸ್ಮಾರ್ಟ್ ಥರ್ಮೋಸ್ಟಾಟ್‌ಗಳನ್ನು ಬಾಯ್ಲರಿಗೆ ಜೋಡಿಸುವುದು ಒಂದು ರಿಲೇ ಮೂಲಕ, ಅಂದರೆ ಸ್ವಿಚ್ಚಿನ ಮೂಲಕ. ಕೋಣೆ ತಣ್ಣಗಾದರೆ ಸ್ವಿಚ್ ಹಾಕುತ್ತದೆ, ಬೆಚ್ಚಗಾದರೆ ತೆಗೆಯುತ್ತದೆ. ಎಷ್ಟು ಶಾಖ ಬೇಕೆಂದು ಹೇಳುವ ದಾರಿ ಅದಕ್ಕಿಲ್ಲ. ಆ್ಯಪ್ ಎಷ್ಟೇ ಸುಂದರವಾಗಿದ್ದರೂ ಬಾಯ್ಲರಿಗೆ ಕೇಳಿಸುವುದು ಹೌದು ಅಥವಾ ಇಲ್ಲ ಎಂಬ ಎರಡೇ ಮಾತು. ಇದಕ್ಕಿಂತ ಮೇಲಿನದು ಮಾಡ್ಯುಲೇಟಿಂಗ್ ಕಂಟ್ರೋಲ್, ಅಂದರೆ ಬೇಕಾದಷ್ಟಕ್ಕೇ ಬಾಯ್ಲರಿನ ಉರಿಯನ್ನು ಏರಿಸಿ ಇಳಿಸುವಂಥದ್ದು. ಅದರಲ್ಲಿ ಎರಡು ಬಗೆಯಿವೆ. ಲೋಡ್ ಕಾಂಪೆನ್ಸೇಷನ್ ಎಂಬುದು ಕೋಣೆ ನಾವು ಬಯಸಿದ ತಾಪಮಾನಕ್ಕೆ ಹತ್ತಿರವಾದಂತೆ ಫ್ಲೋ ಇಳಿಸುತ್ತ ಬರುತ್ತದೆ. ವೆದರ್ ಕಾಂಪೆನ್ಸೇಷನ್ ಎಂಬುದು ಹೊರಗೋಡೆಯ ಮೇಲೆ ಕೂರಿಸಿದ ಸೆನ್ಸರಿನಿಂದ ಹವೆಯನ್ನು ಅಳೆದು, ಹೊರಗೆ 10 ಡಿಗ್ರಿ ಇದ್ದರೆ ಇಷ್ಟು, ಮೈನಸ್ 2 ಇದ್ದರೆ ಇಷ್ಟು ಎಂದು ಮೊದಲೇ ಗೊತ್ತುಮಾಡಿದ ರೇಖೆಯಂತೆ ಫ್ಲೋ ನಿರ್ಧರಿಸುತ್ತದೆ. ಮನೆ ಕಳೆದುಕೊಳ್ಳುವ ಶಾಖ ಒಳಗಿನ ಮತ್ತು ಹೊರಗಿನ ತಾಪಮಾನಗಳ ಅಂತರವನ್ನು ಅವಲಂಬಿಸಿರುವುದರಿಂದ, ಕಳೆದಷ್ಟನ್ನು ಅದೇ ಹೊತ್ತಿಗೆ ತುಂಬಿಕೊಡುವ ಈ ಎರಡನೆಯ ಕ್ರಮ ನನ್ನ ಮಟ್ಟಿಗೆ ಅತ್ಯಂತ ಯುಕ್ತವಾದದ್ದು. ಅನುಭವದಲ್ಲೂ ವ್ಯತ್ಯಾಸವಿದೆ: ರೇಡಿಯೇಟರ್ ಒಮ್ಮೆ ಮುಟ್ಟಲಾಗದಷ್ಟು ಸುಟ್ಟು ಆಮೇಲೆ ತಣ್ಣಗಾಗುವ ಬದಲು, ದಿನವಿಡೀ ಮಂದವಾಗಿ ಬೆಚ್ಚಗಿರುತ್ತದೆ, ಕೋಣೆಯ ಹವೆ ಏರಿಳಿಯುವುದು ಬಹಳ ಕಡಿಮೆ.

ಐರೋಪ್ಯ ಒಕ್ಕೂಟ ಈ ಕಂಟ್ರೋಲ್‌ಗಳನ್ನು ಒಂದರಿಂದ ಎಂಟರವರೆಗೆ ವರ್ಗೀಕರಿಸಿದೆ. ಬರೀ ಸ್ವಿಚ್ಚಿನಂಥ ಮೊದಲ ವರ್ಗಕ್ಕೆ ದಕ್ಷತೆಯ ಲೆಕ್ಕದಲ್ಲಿ ಶೇಕಡಾ 1ರಷ್ಟು ಅಂಕ, ಕೋಣೆಯ ಸೆನ್ಸರನ್ನೂ ಹೊರಗಿನ ಸೆನ್ಸರನ್ನೂ ಸೇರಿಸಿಕೊಂಡು ಮಾಡ್ಯುಲೇಟ್ ಮಾಡುವ ಆರನೆಯ ವರ್ಗಕ್ಕೆ ಶೇಕಡಾ 4, ಹಲವು ಕೋಣೆಗಳ ಸೆನ್ಸರ್‌ಗಳಿಂದ ಮಾಡ್ಯುಲೇಟ್ ಮಾಡುವ ಎಂಟನೆಯದಕ್ಕೆ ಶೇಕಡಾ 5. ಇವು ಉತ್ಪನ್ನದ ಚೀಟಿಗಾಗಿ ನಿಗದಿಪಡಿಸಿದ ಅಂಕಗಳು. ಪ್ರತಿ ಮನೆಯ ಉಳಿತಾಯ ಇಷ್ಟೇ ಎಂದು ಇದರಿಂದ ತಿಳಿಯಬಾರದು. ಇಂಗ್ಲೆಂಡಿನ ಕಾನೂನೂ ಇದೇ ದಿಕ್ಕಿನಲ್ಲಿದೆ. 2018ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬಾಯ್ಲರ್ ಪ್ಲಸ್ ನಿಯಮದ ಪ್ರಕಾರ ಹೊಸ ಕಾಂಬಿ ಬಾಯ್ಲರ್ ಹಾಕುವಾಗ ಸಮಯ ಮತ್ತು ತಾಪಮಾನದ ನಿಯಂತ್ರಣದ ಜೊತೆಗೆ ನಾಲ್ಕು ಕ್ರಮಗಳಲ್ಲಿ ಒಂದನ್ನಾದರೂ ಅಳವಡಿಸಬೇಕು: ಹೊಗೆಯ ಶಾಖವನ್ನು ಮರಳಿ ಪಡೆಯುವ ಸಾಧನ, ವೆದರ್ ಕಾಂಪೆನ್ಸೇಷನ್, ಲೋಡ್ ಕಾಂಪೆನ್ಸೇಷನ್, ಇಲ್ಲವೇ ತಾನಾಗಿ ಹೊಂದಿಸಿಕೊಳ್ಳುವ ಸ್ಮಾರ್ಟ್ ಕಂಟ್ರೋಲ್. ಸುಲಭವೆಂದು ಹೆಚ್ಚಿನವರು ಕೊನೆಯದನ್ನೇ ಒಪ್ಪಿಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಎರಡನೆಯದನ್ನು ಕೇಳಿ ಪಡೆಯುವುದು ಲೇಸು. 2022ರ ಜೂನ್‌ನಿಂದ ಜಾರಿಯಲ್ಲಿರುವ ಕಟ್ಟಡ ನಿಯಮಾವಳಿಯ ಎಲ್ ಭಾಗ, ಇಡೀ ಹೀಟಿಂಗ್ ವ್ಯವಸ್ಥೆಯನ್ನು ಹೊಸದಾಗಿ ಹಾಕುವಾಗ ಅದನ್ನು ಸಾಧ್ಯವಾದ ಮಟ್ಟಿಗೆ 55 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಫ್ಲೋಗೆ ವಿನ್ಯಾಸಗೊಳಿಸಬೇಕೆನ್ನುತ್ತದೆ. ಗುತ್ತಿಗೆದಾರರ ಜೊತೆ ಮಾತನಾಡುವಾಗ ಈ ಎರಡು ನಿಯಮಗಳ ಹೆಸರು ತಿಳಿದಿದ್ದರೆ ಬಹಳ ಅನುಕೂಲವಾಗುತ್ತದೆ.

ಇನ್ನು ಬಾಯ್ಲರ್ ಮತ್ತು ಕಂಟ್ರೋಲ್ ಪರಸ್ಪರ ಮಾತನಾಡಲು ಇಬ್ಬರಿಗೂ ತಿಳಿದ ಭಾಷೆ ಬೇಕು. ಓಪನ್‌ಥರ್ಮ್ ಎಂಬುದು ಹಲವು ತಯಾರಕರು ಒಪ್ಪಿಕೊಂಡಿರುವ, ಎರಡು ತಂತಿಗಳಲ್ಲಿ ನಡೆಯುವ ಸಂವಹನ ಕ್ರಮ. ಐಡಿಯಲ್ ಕಂಪನಿಯ ಅನೇಕ ಬಾಯ್ಲರ್‌ಗಳು ಅದನ್ನು ಬಲ್ಲವು, ಟಾಡೋ, ಡ್ರೇಟನ್ ವೈಸರ್ ಮುಂತಾದ ಕಂಟ್ರೋಲ್‌ಗಳೂ ಬಲ್ಲವು. ವೈಲಾಂಟ್ ತನ್ನದೇ ಆದ ಇಬಸ್ ಬಳಸುತ್ತದೆ, ವೂಸ್ಟರ್ ಬಾಷ್ ತನ್ನದೇ ಆದ ಇಎಂಎಸ್ ಬಳಸುತ್ತದೆ. ಇದರ ಪರಿಣಾಮ ಸರಳ: ಬಾಯ್ಲರಿನ ಭಾಷೆ ತಿಳಿಯದ ಥರ್ಮೋಸ್ಟಾಟನ್ನು ಎಷ್ಟೇ ಬೆಲೆ ಕೊಟ್ಟು ತಂದರೂ ಅದು ಕೊನೆಗೆ ಸ್ವಿಚ್ಚಾಗಿಯೇ ಕೆಲಸ ಮಾಡುತ್ತದೆ. ಹಳೆಯ ಬಾಯ್ಲರ್ ಉಳಿಸಿಕೊಳ್ಳುವವರು ಮೊದಲು ಅದರ ಕೈಪಿಡಿಯಲ್ಲಿ ಈ ಒಂದು ವಿಷಯವನ್ನು ಹುಡುಕಬೇಕು. ಓಪನ್‌ಥರ್ಮ್ ಇಲ್ಲ, ತಯಾರಕರ ಸ್ವಂತ ಕಂಟ್ರೋಲೂ ಸಿಗುತ್ತಿಲ್ಲ ಎಂದಾದರೆ, ದುಬಾರಿ ಥರ್ಮೋಸ್ಟಾಟಿಗೆ ಹಣ ಹಾಕುವ ಬದಲು ಬಾಯ್ಲರಿನ ಮುಂಭಾಗದ ಗುಬುಟಿಯನ್ನು ತಿರುಗಿಸಿ ಫ್ಲೋ ಕೆಳಗಿಳಿಸುವುದರಿಂದಲೇ ಗಣನೀಯ ಉಪಯೋಗವಾಗುತ್ತದೆ. ಸಿಲಿಂಡರ್ ಇರುವ ಮನೆಯಲ್ಲಿ ಮಾತ್ರ ಎಚ್ಚರ ಬೇಕು. ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯದಂತೆ ಸಿಲಿಂಡರಿನ ನೀರನ್ನು 60 ಡಿಗ್ರಿಗೆ ಕಾಯಿಸುವ ಏರ್ಪಾಡು ಉಳಿದಿರಬೇಕು.

ಎರಡನೆಯ ದೊಡ್ಡ ಪ್ರಶ್ನೆ ಕೋಣೆಗೊಂದು ಕಂಟ್ರೋಲ್ ಬೇಕೇ ಎಂಬುದು. ಪ್ರತಿ ರೇಡಿಯೇಟರಿಗೂ ಸ್ಮಾರ್ಟ್ ವಾಲ್ವ್ ಹಾಕಿ, ಬಳಸದ ಕೋಣೆಗಳನ್ನೆಲ್ಲ ಮುಚ್ಚಿ, ಕುಳಿತಿರುವ ಕೋಣೆಯೊಂದನ್ನೇ ಕಾಯಿಸುವ ವಿಚಾರ ಕೇಳಲು ಬಹಳ ಹಿತವಾಗಿರುತ್ತದೆ, ಜಾಹೀರಾತುಗಳೂ ಅದನ್ನೇ ಹೇಳುತ್ತವೆ. ಸೋರುವ ದೊಡ್ಡ ಮನೆಯಲ್ಲಿ ಇದಕ್ಕೆ ಅರ್ಥವಿದೆ. ಇನ್ಸುಲೇಷನ್ ಆದ ಮನೆಯಲ್ಲಿ ಹಾಗಲ್ಲ. ಸ್ನಾನದ ನೀರಿಗಾಗಿ 24 ಅಥವಾ 30 ಕಿಲೋವ್ಯಾಟಿನ ಕಾಂಬಿ ಹಾಕಿರುತ್ತೇವೆ. ಅಂಥ ಬಾಯ್ಲರ್ ಹತ್ತರಲ್ಲೊಂದು ಪಾಲಿಗೆ ಇಳಿಯಬಲ್ಲದು ಎಂದುಕೊಂಡರೂ ಅದರ ಕನಿಷ್ಠ ಉರಿಯೇ 3 ಕಿಲೋವ್ಯಾಟಿನ ಹತ್ತಿರ. ಒಂದು ಮಲಗುವ ಕೋಣೆ ಮಾತ್ರ 500 ವ್ಯಾಟ್ ಕೇಳಿದಾಗ ಬಾಯ್ಲರ್ ಹೊತ್ತಿಕೊಂಡು, ನೀರು ಕ್ಷಣದಲ್ಲೇ ಮಿತಿ ಮೀರಿ ಕಾದು, ಆರಿ, ಮತ್ತೆ ಹೊತ್ತಿಕೊಂಡು, ಹೀಗೆ ಗಂಟೆಗೆ ಎಷ್ಟೋ ಸಲ ಏರಿಳಿಯುತ್ತದೆ. ಇದನ್ನು ಶಾರ್ಟ್ ಸೈಕ್ಲಿಂಗ್ ಎನ್ನುತ್ತಾರೆ. ಇದರಿಂದ ದಕ್ಷತೆ ಕುಗ್ಗುತ್ತದೆ, ಯಂತ್ರದ ಭಾಗಗಳೂ ಬೇಗ ಸವೆಯುತ್ತವೆ. ಇದಲ್ಲದೆ ಮನೆಯೊಳಗಿನ ಗೋಡೆಗಳಿಗೆ ಇನ್ಸುಲೇಷನ್ ಇರುವುದಿಲ್ಲವಾದ್ದರಿಂದ ಬೆಚ್ಚಗಿನ ಕೋಣೆಯ ಶಾಖ ಪಕ್ಕದ ತಣ್ಣನೆಯ ಕೋಣೆಗೆ ಹರಿಯುತ್ತದೆ. ಆಗ ಉರಿಯುತ್ತಿರುವ ಒಂದೆರಡು ರೇಡಿಯೇಟರುಗಳೇ ಇಡೀ ಮನೆಯ ಹೊರೆ ಹೊರಬೇಕಾಗಿ, ಅವಕ್ಕೆ ಹೆಚ್ಚು ಬಿಸಿಯಾದ ನೀರು ಬೇಕಾಗುತ್ತದೆ. ಫ್ಲೋ ಇಳಿಸಿ ಗಳಿಸಿದ್ದು ಅಲ್ಲಿಗೆ ಹೋಯಿತು. ಮುಚ್ಚಿಟ್ಟ ತಣ್ಣನೆಯ ಕೋಣೆಯ ಮೂಲೆಗಳಲ್ಲಿ ತೇವ ಕೂತು ಬೂಷ್ಟು ಹಿಡಿಯುವ ಅಪಾಯವೂ ಇದೆ. ಮಳೆ ದೇಶದಲ್ಲಿ ಬಟ್ಟೆಯನ್ನು ಮನೆಯೊಳಗೇ ಒಣಗಿಸುವ, ದಿನಕ್ಕೆರಡು ಬಾರಿ ಬೇಯಿಸಿ ಒಗ್ಗರಣೆ ಹಾಕುವ ನಮ್ಮಂಥ ಕುಟುಂಬಗಳು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಹಾಗೆಂದು ಎಲ್ಲ ಕೋಣೆಗಳಿಗೂ ಒಂದೇ ತಾಪಮಾನ ಸಾಲದು. ನನ್ನ ಅತ್ತೆ ಮಾವ ಶಿವಮೊಗ್ಗದಿಂದ ಬಂದು ಕೆಲವು ತಿಂಗಳು ನಮ್ಮೊಂದಿಗೆ ಇರುತ್ತಾರೆ. ನಮಗೆ 20 ಡಿಗ್ರಿ ಹಿತವೆನ್ನಿಸಿದರೆ ಅವರಿಗೆ ಅದು ಶಾಲು ಹೊದೆಯುವ ಚಳಿ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ವಸತಿ ಮಾರ್ಗಸೂಚಿಯಲ್ಲಿ ಚಳಿ ಪ್ರದೇಶದ ಮನೆಗಳೊಳಗೆ 18 ಡಿಗ್ರಿಯನ್ನು ಸುರಕ್ಷಿತ ಮಟ್ಟವೆಂದು ಸೂಚಿಸಿದೆ, ಹಿರಿಯರಿಗೂ ಮಕ್ಕಳಿಗೂ ಅದಕ್ಕಿಂತ ಹೆಚ್ಚು ಬೇಕಾಗಬಹುದು ಎಂದೂ ಹೇಳಿದೆ. ಆದ್ದರಿಂದ ಅವರ ಕೋಣೆ 22 ಡಿಗ್ರಿ ಮುಟ್ಟುವಂತೆ, ಉಳಿದ ಮಲಗುವ ಕೋಣೆಗಳು 18ರಲ್ಲಿ ನಿಲ್ಲುವಂತೆ ಮಾಡುವುದು ನಮ್ಮ ಅಗತ್ಯವಾಗಿತ್ತು. ಇದಕ್ಕೆ ರೇಡಿಯೇಟರಿನ ಸಾಮಾನ್ಯ ಥರ್ಮೋಸ್ಟಾಟಿಕ್ ವಾಲ್ವೇ ಸಾಕೆಂದು ಲೆಕ್ಕ ಹಾಕಿದಾಗ ತಿಳಿಯಿತು. ಒಳಗಿರುವ ಮೇಣ ಅಥವಾ ದ್ರವ ಕಾದು ಹಿಗ್ಗಿ ನೀರಿನ ದಾರಿಯನ್ನು ತಾನಾಗಿ ಕಿರಿದಾಗಿಸುವ ಈ ಸಾಧನಕ್ಕೆ ಬ್ಯಾಟರಿ ಬೇಡ, ಇಂಟರ್ನೆಟ್ ಬೇಡ, ಬೆಲೆಯಲ್ಲಿ ಸ್ಮಾರ್ಟ್ ವಾಲ್ವಿನ ಸಣ್ಣ ಪಾಲು ಮಾತ್ರ. ವೇಳಾಪಟ್ಟಿ ನಿಜವಾಗಿ ಬೇಕಾದದ್ದು ಎರಡು ಕಡೆ: ಅತ್ತೆ ಮಾವ ಊರಿಗೆ ಹೋದ ಮೇಲೆ ಖಾಲಿ ಉಳಿಯುವ ಅವರ ಕೋಣೆ, ಮತ್ತು ನಾನು ವಾರದಲ್ಲಿ ಕೆಲವು ದಿನ ಕುಳಿತು ಕೆಲಸ ಮಾಡುವ ಸಣ್ಣ ಕೋಣೆ. ಅಲ್ಲಿಗೆ ಮಾತ್ರ ಎಎ ಬ್ಯಾಟರಿಯಿಂದ ನಡೆಯುವ, ಸಮಯ ಹೊಂದಿಸಬಹುದಾದ ವಾಲ್ವ್ ತಲೆಗಳನ್ನು ಹಾಕಿದೆವು. ಅವು ಎಂ30 ಅಳತೆಯ ತಿರುಪಿಗೆ ಹೊಂದುತ್ತವೆ. ವಾಲ್ವಿನ ಕೆಳಭಾಗ ಬೇರೆ ಅಳತೆಯದಾದರೆ ಅಡಾಪ್ಟರ್ ಬೇಕಾಗುತ್ತದೆ.

ಹಿರಿಯರ ವಿಷಯದಲ್ಲಿ ಇನ್ನೊಂದು ಮಾತಿದೆ. ಮನೆಯ ಬಿಸಿಯ ನಿಯಂತ್ರಣ ಒಬ್ಬರ ಫೋನಿನಲ್ಲಿ ಮಾತ್ರ ಇದ್ದು, ಅವರು ಆಫೀಸಿಗೆ ಹೋದ ಹೊತ್ತಿನಲ್ಲಿ ಮನೆಯಲ್ಲಿರುವವರು ಚಳಿಯಲ್ಲಿ ಕೂರುವಂತಾದರೆ ಅದು ಒಪ್ಪತಕ್ಕ ಏರ್ಪಾಡಲ್ಲ. ಗೋಡೆಯ ಮೇಲೆ ಕೈಗೆಟಕುವಂತೆ, ಕನ್ನಡಕವಿಲ್ಲದೆಯೂ ಓದಬಹುದಾದಷ್ಟು ದೊಡ್ಡ ಅಂಕಿಗಳಿರುವ, ತಿರುಗಿಸಿದರೆ ಬದಲಾಗುವ ಒಂದು ಸಾಧನ ಇರಲೇಬೇಕೆಂದು ನನ್ನ ಹೆಂಡತಿ ಮೊದಲೇ ಹೇಳಿದ್ದಳು. ಆ ಒಂದು ಷರತ್ತಿನಿಂದಲೇ ಕೆಲವು ಮಾದರಿಗಳು ಪಟ್ಟಿಯಿಂದ ಬಿದ್ದುಹೋದವು. ಎಲ್ಲರೂ ಹೊರಗೆ ಹೋದುದನ್ನು ಫೋನಿನ ಜಾಗದಿಂದ ತಿಳಿದು ಹೀಟಿಂಗ್ ಇಳಿಸುವ ಸೌಲಭ್ಯಕ್ಕೂ ನಮ್ಮಲ್ಲಿ ಕೆಲಸವಿರಲಿಲ್ಲ, ಏಕೆಂದರೆ ನಮ್ಮ ಮನೆಯಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಾರೆ. ಒಂಟಿಯಾಗಿರುವವರಿಗೆ, ಇಬ್ಬರೂ ದುಡಿಯುವ ಮನೆಗೆ ಅದು ಉಪಯುಕ್ತವಾಗಬಹುದು. ಟಾಡೋದಂಥ ಕಂಪನಿಗಳಲ್ಲಿ ಆ ಕೆಲಸ ತಾನಾಗಿ ನಡೆಯಬೇಕಾದರೆ ಚಂದಾ ಕಟ್ಟಬೇಕಾಗುತ್ತದೆ ಎಂಬುದನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಅಡುಗೆಮನೆಯ ನೆಲದ ಹೀಟಿಂಗಿನ ಸ್ವಭಾವವೇ ಬೇರೆ. ಕೊಳವೆಗಳ ಮೇಲೆ ದಪ್ಪ ಗಾರೆಯ ಪದರ ಇರುವುದರಿಂದ ಅದು ಕಾಯಲು ಗಂಟೆಗಟ್ಟಲೆ ಹಿಡಿಯುತ್ತದೆ, ಆರಲೂ ಅಷ್ಟೇ ಹೊತ್ತು. ಬೆಳಿಗ್ಗೆ ಏಳಕ್ಕೆ ಹಾಕಿ ಒಂಬತ್ತಕ್ಕೆ ತೆಗೆಯುವ ವೇಳಾಪಟ್ಟಿ ಅಲ್ಲಿ ನಡೆಯುವುದಿಲ್ಲ. ರಾತ್ರಿ ಒಂದೆರಡು ಡಿಗ್ರಿ ಇಳಿಸಿ ಉಳಿದ ಹೊತ್ತು ಒಂದೇ ಮಟ್ಟದಲ್ಲಿ ಬಿಡುವುದೇ ಸರಿ. ಅದಕ್ಕೆ ರೇಡಿಯೇಟರಿಗಿಂತ ತಣ್ಣನೆಯ ನೀರು ಸಾಕು, ಆದ್ದರಿಂದ ಬೇರೆಯೇ ರೇಖೆ ಬೇಕು. ಮರದ ಹಾಸು ಹಾಕಿಸುವವರು ನೆಲದೊಳಗೆ ಸೆನ್ಸರ್ ಇಡಿಸಿ, ಮೇಲ್ಮೈ ಸಾಮಾನ್ಯವಾಗಿ 27 ಡಿಗ್ರಿ ದಾಟದಂತೆ ಮಿತಿ ಹಾಕಿಸಬೇಕು. ಕಂಟ್ರೋಲಿಗೆ ಆ ಸೆನ್ಸರ್ ಜೋಡಿಸುವ ಅವಕಾಶವಿದೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು.

ಗೋಡೆಗಳು ತೆರೆದಿರುವಾಗಲೇ ಮಾಡಬೇಕಾದ ಕೆಲಸವೆಂದರೆ ತಂತಿ. ಥರ್ಮೋಸ್ಟಾಟ್ ಎಲ್ಲಿರಬೇಕೆಂದು ನಿರ್ಧರಿಸಿ ಅಲ್ಲಿಂದ ಬಾಯ್ಲರಿನವರೆಗೂ, ಹಾಗೆಯೇ ಉತ್ತರದ ಹೊರಗೋಡೆಯಿಂದ ಬಾಯ್ಲರಿನವರೆಗೂ ಕಡಿಮೆ ವೋಲ್ಟೇಜಿನ ತಂತಿ ಎಳೆಸಿ ಪ್ಲಾಸ್ಟರಿನೊಳಗೆ ಮುಚ್ಚಿಸಿದೆವು. 230 ವೋಲ್ಟಿನ ಕೇಬಲ್ಲಿನಿಂದ ಅದನ್ನು ದೂರವಿಡಲು ಎಲೆಕ್ಟ್ರೀಷಿಯನ್ನರಿಗೆ ಹೇಳಿದೆವು. ಆ ಹಂತದಲ್ಲಿ ಇದಕ್ಕೆ ತಗುಲುವ ವೆಚ್ಚ ಅತ್ಯಲ್ಪ, ಬಣ್ಣ ಬಳಿದ ಮೇಲೆ ಮಾಡಿಸುವುದು ಬಹಳ ಕಷ್ಟ. ಹಳೆಯ ಮನೆಗಳಲ್ಲಿ ಥರ್ಮೋಸ್ಟಾಟ್ ಮುಂಬಾಗಿಲ ಹಜಾರದಲ್ಲಿರುತ್ತದೆ, ಬಾಗಿಲು ತೆರೆದಾಗಲೆಲ್ಲ ಚಳಿಗಾಳಿ ಅದಕ್ಕೇ ಬಡಿಯುತ್ತದೆ. ನಾವು ಅದನ್ನು ನಡುಮನೆಯ ಒಳಗೋಡೆಗೆ, ಬಿಸಿಲೂ ರೇಡಿಯೇಟರಿನ ಶಾಖವೂ ನೇರವಾಗಿ ತಾಗದ ಕಡೆಗೆ, ಎದೆಮಟ್ಟದ ಎತ್ತರಕ್ಕೆ ಬದಲಿಸಿದೆವು. ಆ ಕೋಣೆಯ ರೇಡಿಯೇಟರ್ ವಾಲ್ವನ್ನು ಪೂರ್ತಿ ತೆರೆದೇ ಇಟ್ಟಿದ್ದೇವೆ, ಇಲ್ಲವಾದರೆ ವಾಲ್ವೂ ಥರ್ಮೋಸ್ಟಾಟೂ ಒಂದರ ಕೆಲಸಕ್ಕೆ ಒಂದು ಅಡ್ಡಬರುತ್ತವೆ. ತಂತಿಯಿಲ್ಲದ ಮಾದರಿಗಳೇ ಬೇಕೆನ್ನುವವರು ಇನ್ನೊಂದನ್ನು ಗಮನಿಸಬೇಕು. ನವೀಕರಣದಲ್ಲಿ ಬಳಸುವ ಗಟ್ಟಿ ಇನ್ಸುಲೇಷನ್ ಹಲಗೆಗಳ ಎರಡೂ ಬದಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿರುತ್ತಾರೆ. ರೇಡಿಯೋ ಅಲೆಗಳಿಗೆ ಅದು ದೊಡ್ಡ ತಡೆ. ವೈಫೈ, ಸ್ಮಾರ್ಟ್ ಸಾಧನಗಳು ತಮ್ಮೊಳಗೆ ತಂತಿಯಿಲ್ಲದೆ ಮಾತನಾಡುವ ಕ್ರಮಗಳಾದ ಜಿಗ್ಬೀ, ಥ್ರೆಡ್ ಮೂರೂ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳು ಇಂಥ ಗೋಡೆ ದಾಟಲು ಹೆಚ್ಚು ಕಷ್ಟಪಡುತ್ತವೆ, ಎವೋಹೋಮ್‌ನಂಥ ಕಂಟ್ರೋಲ್‌ಗಳು ಬಳಸುವ 868 ಮೆಗಾಹರ್ಟ್ಸ್ ಸ್ವಲ್ಪ ಮೇಲು.

ಗೋಡೆ ಹಲವು ದಶಕ ಬಾಳುತ್ತದೆ, ಬಾಯ್ಲರ್ ಹದಿನೈದು ವರ್ಷ ಬಾಳಬಹುದು, ಆದರೆ ಆ್ಯಪ್ ಎಷ್ಟು ಕಾಲ ಬಾಳುತ್ತದೆ ಎಂಬುದು ತಯಾರಕರ ಇಚ್ಛೆಗೆ ಬಿಟ್ಟದ್ದು. ಗೂಗಲ್ 2025ರ ಏಪ್ರಿಲ್‌ನಲ್ಲಿ, ಯುರೋಪಿನಲ್ಲಿ ಇನ್ನು ಹೊಸ ನೆಸ್ಟ್ ಥರ್ಮೋಸ್ಟಾಟ್‌ಗಳನ್ನು ತರುವುದಿಲ್ಲವೆಂದೂ, 2014ರಲ್ಲಿ ಯುರೋಪಿಗೆ ಬಂದ ಮಾದರಿಯೂ ಸೇರಿ ಹಳೆಯ ನೆಸ್ಟ್‌ಗಳಿಗೆ ಅದೇ ವರ್ಷದ ಅಕ್ಟೋಬರ್ 25ರಿಂದ ಬೆಂಬಲ ನಿಲ್ಲಿಸುವುದಾಗಿಯೂ ಪ್ರಕಟಿಸಿತು. ಆ ಸಾಧನಗಳು ಗೋಡೆಯ ಮೇಲೆ ಕೆಲಸ ಮಾಡುತ್ತವೆ, ಫೋನಿನಿಂದ ನಿಯಂತ್ರಿಸಲು ಮಾತ್ರ ಆಗದು. ಇಂಟರ್ನೆಟ್ ಇಲ್ಲದಾಗ, ಕಂಪನಿಯೇ ಇಲ್ಲದಾಗ ಈ ಸಾಧನ ಏನೇನು ಮಾಡಬಲ್ಲದು ಎಂದು ಅಂಗಡಿಯಲ್ಲಿ ನೇರವಾಗಿ ಕೇಳಬೇಕು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಾದ ಕಾನೂನಿನಂತೆ, ಇಂಟರ್ನೆಟ್ಟಿಗೆ ಸೇರುವ ಗೃಹೋಪಯೋಗಿ ಸಾಧನಗಳ ತಯಾರಕರು ಸುರಕ್ಷತಾ ಅಪ್‌ಡೇಟ್‌ಗಳನ್ನು ಕನಿಷ್ಠ ಎಲ್ಲಿಯವರೆಗೆ ಕೊಡುತ್ತೇವೆಂದು ಪ್ರಕಟಿಸಲೇಬೇಕು. ಆ ದಿನಾಂಕವನ್ನು ಹುಡುಕಿ ಓದಿದ ಮೇಲೆ ಎರಡು ಮಾದರಿಗಳ ಬೆಲೆಯ ವ್ಯತ್ಯಾಸ ಬೇರೆಯಾಗಿಯೇ ಕಾಣುತ್ತದೆ.

ಇಷ್ಟೆಲ್ಲ ತೂಗಿ ನೋಡಿ ನಾವು ವೈಲಾಂಟ್ ಬಾಯ್ಲರನ್ನೂ ಅದೇ ಕಂಪನಿಯ ಸೆನ್ಸೋಕಂಫರ್ಟ್ ಕಂಟ್ರೋಲನ್ನೂ, ಹೊರಗಿನ ಸೆನ್ಸರನ್ನೂ ಆರಿಸಿದೆವು. ಅದರ ಆ್ಯಪ್ ಟಾಡೋ ಅಥವಾ ಹೈವ್‌ನಷ್ಟು ನಯವಾದದ್ದಲ್ಲ. ಆದರೆ ಬಾಯ್ಲರಿನೊಂದಿಗೆ ತನ್ನ ಭಾಷೆಯಲ್ಲೇ ಮಾತನಾಡುತ್ತದೆ, ರೇಡಿಯೇಟರಿಗೂ ನೆಲಕ್ಕೂ ಬೇರೆ ಬೇರೆ ರೇಖೆ ಹಾಕಿಕೊಡುತ್ತದೆ, ಇಂಟರ್ನೆಟ್ ಹೋದರೂ ಗೋಡೆಯಿಂದಲೇ ಎಲ್ಲವನ್ನೂ ಬದಲಿಸಬಹುದು. ಇನ್ನೊಂದು ಕಾರಣ ಮುಂದಿನದು. ಇದೇ ಕಂಟ್ರೋಲ್ ಆ ಕಂಪನಿಯ ಹೀಟ್ ಪಂಪಿಗೂ ಹೊಂದುತ್ತದೆ. ಗಾಳಿಯಿಂದ ಶಾಖ ಹೀರಿ ನೀರು ಕಾಯಿಸುವ ಆ ಯಂತ್ರಕ್ಕೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರ 7,500 ಪೌಂಡ್ ಸಹಾಯಧನ ಕೊಡುತ್ತಿದೆ. ಈ ಸಲ ನಮ್ಮ ಕೈಗೆ ಎಟಕಲಿಲ್ಲವಾದರೂ, 55 ಡಿಗ್ರಿಗೆ ಒಗ್ಗಿದ ರೇಡಿಯೇಟರುಗಳೂ ಸಿಲಿಂಡರಿಗೆಂದು ಬಿಟ್ಟ ಜಾಗವೂ ಅದಕ್ಕಾಗಿ ಸಿದ್ಧವಾಗಿವೆ. ಬಾಯ್ಲರಿನ ಕೆಲಸವನ್ನು, ಗ್ಯಾಸ್ ಕೆಲಸಕ್ಕೆ ಅರ್ಹರಾದವರ ಅಧಿಕೃತ ಪಟ್ಟಿಯಾದ ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿರುವವರೇ ಮಾಡಬೇಕು. ಹೀಟಿಂಗ್ ಕಂಟ್ರೋಲ್‌ಗಳನ್ನು ಗುತ್ತಿಗೆದಾರರೇ ತಂದು ಅಳವಡಿಸಿದರೆ 2027ರ ಮಾರ್ಚ್ 31ರವರೆಗೆ ಅದಕ್ಕೆ ವ್ಯಾಟ್ ಎಂಬ ಮಾರಾಟ ತೆರಿಗೆ (VAT) ಶೂನ್ಯ ಎಂಬುದನ್ನೂ ಬಿಲ್ ಬರೆಸುವಾಗ ನೆನಪಿಸಿ. ನಾವೇ ಅಂಗಡಿಯಲ್ಲಿ ಕೊಂಡು ತಂದರೆ ಈ ರಿಯಾಯಿತಿ ಇಲ್ಲ.

ಕೊಂಡದ್ದನ್ನು ಹದಕ್ಕೆ ತರುವ ಕೆಲಸ ಬಾಕಿ ಇರುತ್ತದೆ, ಅದನ್ನು ಮನೆಯವರೇ ಮಾಡಬೇಕು. ಅಳವಡಿಸುವವರು ಅರ್ಧ ದಿನದಲ್ಲಿ ಹೊರಟುಹೋಗುತ್ತಾರೆ, ಯಾರೂ ಚಳಿ ಎಂದು ದೂರದಿರಲೆಂದು ರೇಖೆಯನ್ನು ಎತ್ತರದಲ್ಲೇ ಇಟ್ಟಿರುತ್ತಾರೆ. ನಾವು ಮಾಡಿದ್ದು ಹೀಗೆ: ಮೊದಲ ಚಳಿಗಾಲದಲ್ಲಿ ಎಲ್ಲ ವಾಲ್ವ್‌ಗಳನ್ನೂ ಪೂರ್ತಿ ತೆರೆದು, ರೇಖೆಯನ್ನು ಒಂದು ಮೆಟ್ಟಿಲು ಇಳಿಸಿ, ಕೆಲವು ದಿನ ಕಾದು, ಯಾವ ಕೋಣೆಯೂ ತಣ್ಣಗಾಗದಿದ್ದರೆ ಇನ್ನೊಂದು ಮೆಟ್ಟಿಲು ಇಳಿಸುತ್ತ ಬಂದೆವು. ಎಲ್ಲಕ್ಕಿಂತ ತಣ್ಣನೆಯ ಕೋಣೆ ಬೇಕಾದ ತಾಪಮಾನವನ್ನು ಮುಟ್ಟಿಯೂ ಮುಟ್ಟದಂತಾದಾಗ ನಿಲ್ಲಿಸಿ ಅರ್ಧ ಮೆಟ್ಟಿಲು ಏರಿಸಿದೆವು. ಆಮೇಲೆ ಹೆಚ್ಚು ಬೆಚ್ಚಗಾಗುವ ಕೋಣೆಗಳ ವಾಲ್ವ್‌ಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದೆವು. ರಾತ್ರಿ ಹೀಟಿಂಗ್ ಪೂರ್ತಿ ಆರಿಸದೆ 17 ಡಿಗ್ರಿಗೆ ಇಳಿಸುತ್ತೇವೆ. ಇನ್ಸುಲೇಷನ್ ಆದ ಮೇಲೆ ಮನೆ ಬೆಳಗಾಗುವವರೆಗೆ ಅಷ್ಟು ಕೆಳಗಿಳಿಯುವುದೇ ಅಪರೂಪ. ಹೊರಗೆ ಮಂಜು ಹೆಪ್ಪುಗಟ್ಟಿದ ದಿನಗಳಲ್ಲೂ ನಮ್ಮ ಫ್ಲೋ 50ರ ಆಸುಪಾಸಿನಲ್ಲಿ ನಿಂತಿತು, ಸಾಧಾರಣ ದಿನಗಳಲ್ಲಿ 40ರ ಕೆಳಗೇ ಇತ್ತು. ಅತ್ತೆ ಮಾವ ಮತ್ತೆ ಬರುವ ಮುನ್ನ ಅವರ ಕೋಣೆಗೆ ಈಗಿನದಕ್ಕಿಂತ ದೊಡ್ಡ ರೇಡಿಯೇಟರ್ ಹಾಕಿಸುವ ಯೋಚನೆಯಿದೆ. ಹಾಗೆ ಮಾಡಿದರೆ ಆ ಒಂದು ಕೋಣೆಗೆ 22 ಡಿಗ್ರಿ ಕೊಡುವುದಕ್ಕಾಗಿ ಇಡೀ ಮನೆಯ ರೇಖೆಯನ್ನು ಏರಿಸಬೇಕಾಗುವುದಿಲ್ಲ.